ಹೇಳಿದ್ದೆಷ್ಟು, ಸೂಚಿಸಿದ್ದೆಷ್ಟು: ದಿನನಿತ್ಯದ ಮಾತಿನ ಒಳಾರ್ಥವನ್ನು ಬಿಡಿಸಿ ನೋಡುವ ಬಗೆ

"ಈ ಸಲದ ಲೇಖನ ಚೆನ್ನಾಗಿದೆ."

ನಾನು ತುಂಬ ಗೌರವಿಸುವ ಹಿರಿಯರೊಬ್ಬರು ಹಲವು ವರ್ಷಗಳ ಹಿಂದೆ ನನಗೆ ಬರೆದ ಸಾಲು ಇದು. ಓದಿದ ಕೂಡಲೇ ಮನಸ್ಸು ಮುದುಡಿತು. 'ಈ ಸಲದ' ಎಂದರೆ ಹಿಂದಿನವು ಚೆನ್ನಾಗಿರಲಿಲ್ಲ ಎಂದೇ ಅಲ್ಲವೇ? ಆ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ. ತಿಂಗಳುಗಳ ನಂತರ ಭೇಟಿಯಾದಾಗ ಗೊತ್ತಾಯಿತು, ನನ್ನ ಬರಹಗಳಲ್ಲಿ ಅವರು ಓದಿದ್ದು ಅದೊಂದನ್ನೇ. ಪತ್ರಿಕೆಯ ಆ ಸಂಚಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು 'ಈ ಸಲದ' ಎಂದಿದ್ದರು.

ಆಡದ ಮಾತಿಗೆ ನಾವು ಆಡಿದ ಮಾತಿಗಿಂತ ಹೆಚ್ಚು ನೋಯುತ್ತೇವೆ. ಹಾಗೆಂದು "ಆಡಿದ್ದನ್ನಷ್ಟೇ ತೆಗೆದುಕೋ, ಉಳಿದದ್ದನ್ನು ಬಿಡು" ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಆ ಸಲಹೆಯಂತೆ ನಡೆದರೆ ಒಂದು ದಿನವೂ ಯಾರೊಂದಿಗೂ ಬಾಳಲಾಗದು. ಸೂಚ್ಯಾರ್ಥ ನಿಜವಾಗಿಯೂ ಇರುತ್ತದೆ, ಸೂಚಿಸಿದವರು ಅದಕ್ಕೆ ಹೊಣೆಯೂ ಹೌದು. ಆದರೆ ಅದು ಕೇಳಿದವರು ಕಟ್ಟಿಕೊಂಡ ತೀರ್ಮಾನ. ಕಟ್ಟಿದ್ದರ ಮೆಟ್ಟಿಲುಗಳನ್ನು ತೋರಿಸಲು ಬರಬೇಕು. ಬಾರದಿದ್ದರೆ ನಾವು ಇನ್ನೂ ಏನನ್ನೂ ತಿಳಿದುಕೊಂಡಿಲ್ಲ ಎಂದೇ ಅರ್ಥ. ಆ ಮೆಟ್ಟಿಲುಗಳನ್ನು ತೋರಿಸುವ ಅಭ್ಯಾಸವನ್ನು ಇಲ್ಲಿ ಹಂತಹಂತವಾಗಿ ಹೇಳುತ್ತಿದ್ದೇನೆ. ನಿಮ್ಮನ್ನು ಕಾಡುತ್ತಿರುವ ಒಂದು ಮಾತನ್ನು, ಒಂದೇ ಒಂದು ವಾಕ್ಯವನ್ನು, ಎದುರಿಗಿಟ್ಟುಕೊಂಡು ಓದಿದರೆ ಹೆಚ್ಚು ಉಪಯೋಗ.

ಹೆಜ್ಜೆ 1: ಆಡಿದ ಪದಗಳನ್ನು ಆಡಿದಂತೆಯೇ ಬರೆದುಕೊಳ್ಳಿ

ಇದು ಸುಲಭವಲ್ಲ. ಸಹೋದ್ಯೋಗಿ "ನಾಳೆ ನನಗೆ ತುಂಬ ಕೆಲಸವಿದೆ" ಎಂದಿರುತ್ತಾರೆ. ಸಂಜೆ ನಾವು ಮತ್ತೊಬ್ಬರ ಬಳಿ "ನಾಳೆ ಬರಬೇಡ ಎಂದರು" ಎನ್ನುತ್ತೇವೆ. ನಡುವೆ ನಮ್ಮದೊಂದು ತೀರ್ಮಾನ ಸೇರಿಕೊಂಡಿತು, 'ಎಂದರು' ಎಂಬ ಕ್ರಿಯಾಪದ ಅದನ್ನು ಅವರ ಬಾಯಿಗೆ ದಾಟಿಸಿತು. ತೀರ್ಮಾನ ಸರಿಯೇ ಇರಬಹುದು. ಆದರೂ ಅದು ಅವರ ಮಾತಲ್ಲ. ಆದ್ದರಿಂದ ಪದಗಳನ್ನು ಇದ್ದಂತೆಯೇ ಬರೆದುಕೊಳ್ಳಿ. ಅದಕ್ಕೂ ಮುಂಚೆ ನೀವು ಆಡಿದ ಮಾತೇನು ಎಂಬುದನ್ನೂ ಬರೆಯಿರಿ. ಬಹಳಷ್ಟು ಮಾತುಗಳು ಉತ್ತರಗಳಾಗಿರುತ್ತವೆ, ಪ್ರಶ್ನೆಯಿಂದ ಕಿತ್ತು ತೆಗೆದ ಉತ್ತರಕ್ಕೆ ಅರ್ಧ ಜೀವ ಮಾತ್ರ.

ಹೆಜ್ಜೆ 2: ಹೇಳದೆ ಬಂದ ಅರ್ಥ ಯಾವ ಬಗೆಯದು, ನೋಡಿ

ಒಬ್ಬರು ನಿಮ್ಮೆದುರು "ನನ್ನ ತಮ್ಮ ಸಿಗರೇಟು ಬಿಟ್ಟಿದ್ದಾನೆ" ಎಂದರು ಎನ್ನಿ. ನೀವೂ ಸೇದುವವರು. ಈ ಒಂದು ವಾಕ್ಯದಿಂದ ಮೂರು ಸಂಗತಿಗಳು ನಿಮ್ಮನ್ನು ತಲುಪುತ್ತವೆ. ತಮ್ಮ ಈಗ ಸೇದುವುದಿಲ್ಲ. ಮೊದಲು ಸೇದುತ್ತಿದ್ದ. ನೀನೂ ಬಿಡಬಾರದೇ? ಮೂರನ್ನೂ ಬಾಯಿಬಿಟ್ಟು ಹೇಳಿಲ್ಲ, ಆದರೆ ಮೂರರ ಸ್ವಭಾವ ಬೇರೆ ಬೇರೆ. ಎರಡು ಪರೀಕ್ಷೆಗಳಿಂದ ಅವನ್ನು ಬೇರ್ಪಡಿಸಬಹುದು.

ಮೊದಲನೆಯದು, ವಾಕ್ಯವನ್ನು ನಿಷೇಧಿಸಿ ನೋಡುವುದು. "ಸಿಗರೇಟು ಬಿಟ್ಟಿಲ್ಲ" ಎನ್ನಿ, "ಬಿಟ್ಟಿದ್ದಾನೆಯೇ?" ಎಂದು ಕೇಳಿ. ಮೊದಲು ಸೇದುತ್ತಿದ್ದ ಎಂಬುದು ಎರಡರಲ್ಲೂ ಅಲುಗದೆ ನಿಂತಿರುತ್ತದೆ. ಹೀಗೆ ನಿಲ್ಲುವುದು ಪೂರ್ವಗೃಹೀತ, ಅಂದರೆ ಮಾತು ಶುರುವಾಗುವ ಮೊದಲೇ ಇಬ್ಬರೂ ಒಪ್ಪಿದ್ದೇವೆ ಎಂಬಂತೆ ಕೆಳಗೆ ಹಾಸಿದ ನೆಲ. ಜರ್ಮನ್ ತತ್ತ್ವಜ್ಞ ಫ್ರೇಗೆ 1892ರಲ್ಲಿ ಇದನ್ನು ಗುರುತಿಸಿದರು. ಇಂಗ್ಲೆಂಡಿನ ತತ್ತ್ವಜ್ಞ ಸ್ಟ್ರಾಸನ್ 1950ರಲ್ಲಿ ಇದೇ ವಿಚಾರವನ್ನು ಹಿಡಿದು ಇನ್ನೊಬ್ಬ ತತ್ತ್ವಜ್ಞ ರಸೆಲ್‌ ಅವರೊಡನೆ ವಾದಕ್ಕಿಳಿದರು.

ಎರಡನೆಯದು, ಅರ್ಥವನ್ನು ರದ್ದುಮಾಡಿ ನೋಡುವುದು. "ಬಿಟ್ಟಿದ್ದಾನೆ, ಆದರೆ ಈಗಲೂ ದಿನಾ ಸೇದುತ್ತಾನೆ" ಎಂದರೆ ಮಾತು ತನ್ನನ್ನು ತಾನೇ ಮುರಿಯುತ್ತದೆ. ಹಾಗಾದರೆ ಅದು ವಾಕ್ಯದಿಂದ ಅನಿವಾರ್ಯವಾಗಿ ಹೊರಡುವ ಅರ್ಥ. "ಬಿಟ್ಟಿದ್ದಾನೆ, ನಿನಗೆ ಬಿಡು ಎನ್ನುತ್ತಿಲ್ಲ, ಸುದ್ದಿ ಹೇಳಿದೆ ಅಷ್ಟೆ" ಎಂದರೆ ಏನೂ ಮುರಿಯುವುದಿಲ್ಲ. ಹೀಗೆ ಹಿಂದಕ್ಕೆ ತೆಗೆದುಕೊಳ್ಳಲು ಬರುವುದೇ ಸೂಚ್ಯಾರ್ಥ. 'ಈ ಸಲದ ಲೇಖನ ಚೆನ್ನಾಗಿದೆ, ಹಿಂದಿನವೂ ಚೆನ್ನಾಗಿದ್ದವು' ಎಂಬ ವಾಕ್ಯದಲ್ಲಿ ಯಾವ ವಿರೋಧವೂ ಇಲ್ಲ. ಅಂದು ನಾನು ಈ ಒಂದು ಪರೀಕ್ಷೆ ಮಾಡಿದ್ದರೆ ಸಾಕಿತ್ತು, ನನ್ನನ್ನು ಚುಚ್ಚಿದ ಅರ್ಥ ಮಾತಿಗೆ ಹೊಲಿದದ್ದಲ್ಲ ಎಂದು ತಿಳಿಯುತ್ತಿತ್ತು.

ಪೂರ್ವಗೃಹೀತದ ಬಗ್ಗೆ ಒಂದು ಎಚ್ಚರಿಕೆ. ಅದು ಪ್ರಶ್ನೆಯ ಒಳಗೆ ಕುಳಿತಾಗ ಹೆಚ್ಚು ಅಪಾಯಕಾರಿ. "ನಿಮ್ಮ ತಪ್ಪನ್ನು ಯಾವಾಗ ಒಪ್ಪಿಕೊಳ್ಳುತ್ತೀರಿ?" ಎಂಬುದಕ್ಕೆ ಯಾವ ದಿನ ಹೇಳಿದರೂ ತಪ್ಪನ್ನು ಒಪ್ಪಿದಂತೆಯೇ, ಒಪ್ಪಿಕೊಳ್ಳುವುದಿಲ್ಲ ಎಂದರೂ ತಪ್ಪು ಅಲ್ಲೇ ಉಳಿಯುತ್ತದೆ. ಇಂಥ ಪ್ರಶ್ನೆಗೆ ಉತ್ತರಿಸಲು ಹೋಗಬೇಡಿ. ಹಾಸಿದ ನೆಲವನ್ನೇ ಎತ್ತಿ ತೋರಿಸಿ: "ತಪ್ಪು ನಡೆದಿದೆಯೇ ಎಂಬುದನ್ನು ಮೊದಲು ನೋಡೋಣ."

ಹೆಜ್ಜೆ 3: ಮೆಟ್ಟಿಲುಗಳನ್ನು ಕಟ್ಟಿ

ವೇದವಾಕ್ಯಗಳ ಅರ್ಥವನ್ನು ವಿಚಾರಿಸುತ್ತಿದ್ದ ಮೀಮಾಂಸಕರ ಒಂದು ಹಳೆಯ ಉದಾಹರಣೆ ಇದೆ. ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ. ಎರಡೂ ನಿಜವಾಗಬೇಕಾದರೆ ಅವನು ರಾತ್ರಿ ಉಣ್ಣುತ್ತಿರಬೇಕು. ಹೊಂದದ ಎರಡು ಸಂಗತಿಗಳನ್ನು ಹೊಂದಿಸಲು ಮೂರನೆಯದೊಂದನ್ನು ತಂದು ನಿಲ್ಲಿಸುವ ಈ ಬಗೆಗೆ ಅರ್ಥಾಪತ್ತಿ ಎಂದು ಹೆಸರು. ಸೂಚ್ಯಾರ್ಥ ತಿಳಿಯುವುದು ಇದೇ ರೀತಿಯಲ್ಲಿ. ಒಂದು ಮಾತು ಮೇಲ್ನೋಟಕ್ಕೆ ಹೊಂದುವುದಿಲ್ಲ. ಹೇಳುವವರು ಅರ್ಥವಿಲ್ಲದೆ ಮಾತನಾಡುವವರಲ್ಲ ಎಂಬ ನಂಬಿಕೆಯನ್ನು ನಾವು ಬಿಡುವುದಿಲ್ಲ. ಆಗ ಹೊಂದಿಸುವ ಸಂಗತಿಯನ್ನು ಹುಡುಕುತ್ತೇವೆ.

ಆ ನಂಬಿಕೆಗೆ ಸಹಕಾರ ತತ್ತ್ವ ಎಂಬ ಹೆಸರು ಕೊಟ್ಟು ಬಿಡಿಸಿಟ್ಟವರು ತತ್ತ್ವಜ್ಞ ಪಾಲ್ ಗ್ರೈಸ್. 1967ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅವರು ನೀಡಿದ ಈ ಉಪನ್ಯಾಸ 1975ರಲ್ಲಿ ಅಚ್ಚಾಯಿತು. ಮಾತನಾಡುವವರಿಂದ ನಾವು ನಾಲ್ಕನ್ನು ನಿರೀಕ್ಷಿಸುತ್ತೇವೆ ಎಂದು ಅವರು ತೋರಿಸಿದರು. ಬೇಕಾದಷ್ಟು ಹೇಳುವುದು, ನಿಜ ಹೇಳುವುದು, ಸಂಬಂಧಪಟ್ಟದ್ದನ್ನು ಹೇಳುವುದು, ಸ್ಪಷ್ಟವಾಗಿ ಹೇಳುವುದು. ಇವು ಮಾತಿನ ಶಿಷ್ಟಾಚಾರಗಳೆಂದು ಎಷ್ಟೋ ಜನ ತಪ್ಪು ತಿಳಿಯುತ್ತಾರೆ. ಇವುಗಳ ಬೆಲೆ ಇರುವುದು ಮುರಿದಾಗ. ಯಾರಾದರೂ ಎದ್ದು ಕಾಣುವಂತೆ ಇವುಗಳಲ್ಲಿ ಒಂದನ್ನು ಮುರಿದರೆ ಅಲ್ಲಿ ಏನನ್ನೋ ಸೂಚಿಸುತ್ತಿದ್ದಾರೆ ಎಂದು ತಿಳಿಯಬೇಕು. ಗ್ರೈಸ್ ಕೊಟ್ಟ ಪ್ರಸಿದ್ಧ ಉದಾಹರಣೆ ಒಂದು ಶಿಫಾರಸು ಪತ್ರದ್ದು. ತತ್ತ್ವಶಾಸ್ತ್ರದ ಹುದ್ದೆಗೆ ಅರ್ಜಿ ಹಾಕಿದ ವಿದ್ಯಾರ್ಥಿಯ ಬಗ್ಗೆ ಗುರುಗಳು ಬರೆಯುವುದು ಇಷ್ಟೇ: ಇಂಗ್ಲಿಷ್ ಚೆನ್ನಾಗಿದೆ, ತರಗತಿಗೆ ತಪ್ಪದೆ ಬರುತ್ತಿದ್ದ. ಪತ್ರದಲ್ಲಿ ಒಂದೂ ಕೆಟ್ಟ ಮಾತಿಲ್ಲ, ಆದರೆ ಕೆಲಸ ಸಿಗುವುದಿಲ್ಲ.

ಹಾಗಾಗಿ ನಿಮ್ಮೆದುರಿನ ವಾಕ್ಯಕ್ಕೆ ಎರಡು ಪ್ರಶ್ನೆ ಕೇಳಿ. ಈ ಮಾತು ಇಲ್ಲಿ ಏಕೆ ಬಂತು? ಇದರ ಬದಲು ಸಹಜವಾಗಿ ಏನು ಹೇಳಬಹುದಿತ್ತು? "ಪುಸ್ತಕ ಹೇಗಿದೆ?" ಎಂದು ಕೇಳಿದಾಗ "ಮುಖಪುಟ ಚೆನ್ನಾಗಿದೆ" ಎಂದರೆ ಉತ್ತರ ಸಿಕ್ಕಿತು. "ಆಕೆ ನಕ್ಕಳು" ಎನ್ನಬಹುದಾದ ಕಡೆ "ಆಕೆ ತುಟಿಗಳನ್ನು ನಗುವಿನ ಆಕಾರಕ್ಕೆ ತಂದಳು" ಎಂದರೆ ಸುತ್ತುಬಳಸಿನಲ್ಲೇ ವಿಷಯವಿದೆ.

ಈಗ ನನ್ನ ಸಾಲಿಗೆ ಮೆಟ್ಟಿಲು ಕಟ್ಟೋಣ. 'ಲೇಖನ ಚೆನ್ನಾಗಿದೆ' ಎಂದರೆ ಸಾಕಿತ್ತು. ಅವರು 'ಈ ಸಲದ' ಎಂದು ಸೇರಿಸಿದರು. ಹಿಂದಿನವು ಹೇಗಿದ್ದವೆಂದು ಅವರಿಗೆ ಗೊತ್ತು. ಅವೂ ಚೆನ್ನಾಗಿದ್ದರೆ ಹಾಗೆ ಸೇರಿಸುತ್ತಿರಲಿಲ್ಲ. ಆದ್ದರಿಂದ ಅವು ಚೆನ್ನಾಗಿರಲಿಲ್ಲ. ಬರೆದು ನೋಡಿದರೆ ಕೊಳೆತ ಮೆಟ್ಟಿಲು ಎದ್ದು ಕಾಣುತ್ತದೆ: ಮೂರನೆಯದು. ಹೇಳುವವರಿಗೆ ಏನು ಗೊತ್ತು ಎಂಬುದನ್ನು ನಾವು ಬಹುತೇಕ ಯಾವಾಗಲೂ ಪರೀಕ್ಷಿಸದೆ ಸಾಗುತ್ತೇವೆ. "ಕೆಲವರು ಬಂದಿದ್ದಾರೆ" ಎಂದು ಹಾಜರಿ ಪುಸ್ತಕ ಹಿಡಿದವರು ಹೇಳಿದರೆ ಎಲ್ಲರೂ ಬಂದಿಲ್ಲ ಎಂದು ತಿಳಿಯಬಹುದು. ಬಾಗಿಲ ಸಂದಿನಿಂದ ಇಣುಕಿದವರು ಅದನ್ನೇ ಹೇಳಿದರೆ, ಎಲ್ಲರೂ ಬಂದಿದ್ದಾರೋ ಇಲ್ಲವೋ ಅವರಿಗೆ ತಿಳಿಯದು ಎಂದಷ್ಟೇ ಅರ್ಥ. ಪದ ಒಂದೇ, ಆಡಿದವರ ತಿಳಿವು ಬೇರೆ.

ಹೆಜ್ಜೆ 4: ಚಿಕ್ಕ ಪ್ರತ್ಯಯಗಳನ್ನು ಹಿಡಿಯಿರಿ

ಕನ್ನಡದಲ್ಲಿ ಸೂಚನೆಯ ಹೊರೆಯನ್ನು ಹೊರುವುದು ಬಹುಮಟ್ಟಿಗೆ ಪದದ ಬಾಲಕ್ಕೆ ಅಂಟುವ ಒಂದೆರಡು ಅಕ್ಷರಗಳು. ನನಗೆ ಈ ಭಾಷೆಯ ಮೇಲಿರುವ ಪ್ರೀತಿಯಲ್ಲಿ ದೊಡ್ಡ ಪಾಲು ಇವುಗಳದ್ದು. ಅವಳು ಬಂದಳು. ಅವಳೂ ಬಂದಳು. ಅವಳೇ ಬಂದಳು. ಅವಳು ಬಂದಳಂತೆ. ಅವಳು ಬಂದುಬಿಟ್ಟಳು. ಐದರಲ್ಲೂ ನಡೆದ ಘಟನೆ ಒಂದೇ.

'ಊ' ಬಂದ ಕೂಡಲೇ ಬೇರೆಯವರು ಬಂದಿರುವುದು ಗೊತ್ತಾಗುತ್ತದೆ. ಒತ್ತಿ ಹೇಳಿದರೆ, ಅವಳು ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ ಎಂಬುದೂ. 'ಏ' ಉಳಿದವರನ್ನೆಲ್ಲ ಹೊರಗಿಟ್ಟು ಅವಳೊಬ್ಬಳನ್ನು ಮುಂದೆ ನಿಲ್ಲಿಸುತ್ತದೆ: ಇನ್ನಾರನ್ನಾದರೂ ಕಳುಹಿಸಬಹುದಿತ್ತು, ಖುದ್ದಾಗಿ ಬಂದಳು. 'ಅಂತೆ' ಹೊಣೆಯನ್ನು ಬೇರೆಯವರಿಗೆ ವರ್ಗಾಯಿಸುತ್ತದೆ. "ಅವರಿಗೆ ಜ್ವರವಂತೆ" ಎಂಬುದು ಒಂದು ಧ್ವನಿಯಲ್ಲಿ ಸುದ್ದಿ, ಇನ್ನೊಂದು ಧ್ವನಿಯಲ್ಲಿ ಅನುಮಾನ. 'ಬಿಟ್ಟಳು' ಎಂಬುದಂತೂ ಹೇಳುವವರ ಮನಃಸ್ಥಿತಿಯನ್ನೇ ಹೊರಗೆಡಹುತ್ತದೆ. ಅವರು ಅದಕ್ಕೆ ಇನ್ನೂ ಸಿದ್ಧರಿರಲಿಲ್ಲ. "ಎಲ್ಲವನ್ನೂ ಹೇಳಿದ" ಎಂಬುದಕ್ಕೂ "ಎಲ್ಲವನ್ನೂ ಹೇಳಿಬಿಟ್ಟ" ಎಂಬುದಕ್ಕೂ ನಡುವೆ ಒಂದು ಗುಟ್ಟು ರಟ್ಟಾಗಿದೆ.

'ಆದರೆ' ಎಂಬ ಪದದ ಮೇಲೆ ಕಣ್ಣಿಡಿ. "ಅವರು ವಕೀಲರು, ಆದರೆ ಸರಳವಾಗಿ ಮಾತನಾಡುತ್ತಾರೆ." ಒಬ್ಬರನ್ನು ಹೊಗಳಿ ಉಳಿದ ವಕೀಲರನ್ನೆಲ್ಲ ತೆಗಳಿದ್ದಾಯಿತು. 'ಆದರೆ' ಬದಲು 'ಮತ್ತು' ಹಾಕಿ ನೋಡಿ: ವಾಕ್ಯದ ನಿಜಾಂಶ ಹಾಗೆಯೇ ಉಳಿಯುತ್ತದೆ, ತೆಗಳಿಕೆ ಮಾಯವಾಗುತ್ತದೆ.

ಪದ ಬದಲಿಸಿ ನೋಡುವ ಈ ಪರೀಕ್ಷೆಯನ್ನು ರೂಢಿ ಮಾಡಿಕೊಳ್ಳಿ. ಬದಲಿಸಿದಾಗ ಒಳಾರ್ಥ ಹೋದರೆ ಅದು ಆ ಪದದಲ್ಲೇ ಇತ್ತು. "ನಾನು ಹಾಗೆ ಸೂಚಿಸಲಿಲ್ಲ" ಎಂದು ಆಡಿದವರು ಸುಲಭವಾಗಿ ಜಾರಿಕೊಳ್ಳಲಾಗದು. ಬದಲಿಸಿದರೂ ಉಳಿದರೆ ಅದು ಸನ್ನಿವೇಶದಿಂದ ಬಂದದ್ದು. "ನಾಳೆ ತುಂಬ ಕೆಲಸವಿದೆ" ಎಂದರೂ "ನಾಳೆ ಬಿಡುವಿಲ್ಲ" ಎಂದರೂ ನಿರಾಕರಣೆ ಅಷ್ಟೇ ಕೇಳಿಸುತ್ತದೆ. ಆಗ ನೋಡಬೇಕಾದದ್ದು ಸನ್ನಿವೇಶವನ್ನು.

ಹೆಜ್ಜೆ 5: ಮಾತು ಯಾವ ಕೆಲಸ ಮಾಡುತ್ತಿದೆ, ಕೇಳಿಕೊಳ್ಳಿ

ತತ್ತ್ವಜ್ಞ ಜೆ. ಎಲ್. ಆಸ್ಟಿನ್ 1955ರ ತಮ್ಮ ಉಪನ್ಯಾಸಗಳಲ್ಲಿ ಮಾತನ್ನು ಕ್ರಿಯೆಯೆಂದು ನೋಡಲು ಕಲಿಸಿದರು. ಮಾತು ಕೊಡುತ್ತದೆ, ಎಚ್ಚರಿಸುತ್ತದೆ, ಬೇಡುತ್ತದೆ, ಕ್ಷಮೆ ಕೇಳುತ್ತದೆ. "ಕಿಟಕಿ ಮುಚ್ಚಲು ಆಗುತ್ತದೆಯೇ?" ಎಂಬುದು ನಿಮ್ಮ ತೋಳಿನ ಬಲದ ವಿಚಾರಣೆಯಲ್ಲ. ಈ ಹೆಜ್ಜೆ ಹೆಚ್ಚು ಹೊತ್ತು ಬೇಡುವುದಿಲ್ಲ. ಕೇಳಿದ ಮಾತಿನ ಪಕ್ಕದಲ್ಲಿ ಒಂದು ಕ್ರಿಯಾಪದ ಬರೆದರೆ ಸಾಕು. ದೂರುತ್ತಿದ್ದಾರೆ, ಕೋರುತ್ತಿದ್ದಾರೆ, ಸಮಾಧಾನಪಡಿಸುತ್ತಿದ್ದಾರೆ. ನನ್ನ ಹಿರಿಯರ ಸಾಲಿನ ಪಕ್ಕದಲ್ಲಿ 'ಮೆಚ್ಚುತ್ತಿದ್ದಾರೆ' ಎಂದು ಬರೆಯಬೇಕಾಗಿತ್ತು. ನಾನು ಅದನ್ನು 'ಅಳೆಯುತ್ತಿದ್ದಾರೆ' ಎಂದು ಓದಿದೆ.

ಹೆಜ್ಜೆ 6: ಸನ್ನಿವೇಶವನ್ನು ಒಂದೊಂದಾಗಿ ಎಣಿಸಿ

'ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು' ಎಂದು ಎಲ್ಲರೂ ಹೇಳುತ್ತಾರೆ. ಸಂದರ್ಭದಲ್ಲಿ ಏನೇನು ಸೇರಿದೆ ಎಂದು ಯಾರೂ ಹೇಳುವುದಿಲ್ಲ. ಹೇಳಿದವರು 11ನೆಯ ಶತಮಾನದ ಕಾಶ್ಮೀರದ ಕಾವ್ಯಶಾಸ್ತ್ರಕಾರ ಮಮ್ಮಟ. ಅವರ ಪಟ್ಟಿ ಇಂದಿಗೂ ಬಳಸಲು ಯೋಗ್ಯವಾಗಿದೆ: ಹೇಳುವವರು ಯಾರು, ಯಾರಿಗೆ ಹೇಳಿದರು, ಕಾಕು ಅಂದರೆ ಸ್ವರದ ಏರಿಳಿತ, ವಾಕ್ಯದ ರಚನೆ, ಅದು ಹೇಳುವ ವಿಷಯ, ಅಲ್ಲಿದ್ದ ಬೇರೆಯವರು, ಪ್ರಸ್ತಾಪ, ಸ್ಥಳ, ಕಾಲ.

"ಸೂರ್ಯ ಮುಳುಗಿದ" ಎಂಬ ಒಂದೇ ವಾಕ್ಯಕ್ಕೆ ಮಮ್ಮಟ ಹಲವು ಅರ್ಥಗಳನ್ನು ಕೊಡುತ್ತಾರೆ. ದಾಳಿಗೆ ಹೊಂಚುತ್ತಿರುವವರಿಗೆ ಇದು ಹೊತ್ತು ಬಂತೆಂಬ ಸೂಚನೆ. ದುಡಿಯುವವರಿಗೆ ಕೆಲಸ ನಿಲ್ಲಿಸಿ ಎಂದು, ವ್ಯಾಪಾರಿಗೆ ಸರಕು ಎತ್ತಿಡು ಎಂದು, ದನ ಕಾಯುವವನಿಗೆ ಮನೆಗೆ ಹೊಡೆದುಕೊಂಡು ಬಾ ಎಂದು, ಕಾದು ಕುಳಿತ ಪ್ರೇಮಿಗೆ ಇವತ್ತೂ ಬರಲಿಲ್ಲ ಎಂದು.

ಪಟ್ಟಿಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು 'ಅಲ್ಲಿದ್ದ ಬೇರೆಯವರು' ಎಂಬುದು. ನಮಗೆ ಹೇಳಿದಂತೆ ಕಂಡ ಎಷ್ಟೋ ಮಾತುಗಳ ನಿಜವಾದ ಕೇಳುಗರು ಪಕ್ಕದಲ್ಲಿ ಕುಳಿತವರು. ಸಭೆಯಲ್ಲಿ ನಿಮ್ಮ ಹೆಸರು ಹಿಡಿದು "ಇವರು ಯಾವಾಗಲೂ ಸಮಯಕ್ಕೆ ಸರಿಯಾಗಿ ಕೊಡುತ್ತಾರೆ" ಎಂದರೆ ತಡಮಾಡಿದವರು ಬೇರೆ ಯಾರೋ ಇದ್ದಾರೆ. ಹಾಗೆಯೇ ಮೊಬೈಲ್‌ ಸಂದೇಶದಲ್ಲಿ ಕಾಕು ಪೂರ್ತಿ ಅಳಿದುಹೋಗಿರುತ್ತದೆ. ಓದುವಾಗ ಕೇಳಿಸುವ ಸ್ವರ ನಾವೇ ಕೊಟ್ಟದ್ದು. ಕೋಪ ಬರಿಸಿದ ಸಂದೇಶವನ್ನು ನಗುಮೊಗದ ಸ್ವರದಲ್ಲಿ ಒಮ್ಮೆ ಗಟ್ಟಿಯಾಗಿ ಓದಿ. ಆಗಲೂ ಕೋಪ ಉಳಿದರೆ ಅದು ಪದಗಳಲ್ಲಿದೆ.

ಆಡಿದ್ದಕ್ಕೂ ಸೂಚಿಸಿದ್ದಕ್ಕೂ ನೇರ ವಿರೋಧವೇ ಇರಬಹುದು. 9ನೆಯ ಶತಮಾನದ ಕಾವ್ಯಶಾಸ್ತ್ರಕಾರ ಆನಂದವರ್ಧನ ಎತ್ತಿಕೊಳ್ಳುವ ಪ್ರಾಕೃತ ಪದ್ಯವೊಂದರಲ್ಲಿ ಹೆಣ್ಣೊಬ್ಬಳು ಸಾಧುವಿಗೆ ಹೇಳುತ್ತಾಳೆ: ನಿಶ್ಚಿಂತೆಯಿಂದ ತಿರುಗಾಡು, ನಿನ್ನನ್ನು ಹೆದರಿಸುತ್ತಿದ್ದ ನಾಯಿಯನ್ನು ನದಿದಡದ ಪೊದೆಯಲ್ಲಿರುವ ಸಿಂಹ ಕೊಂದುಹಾಕಿತು. ಮಾತಿನಲ್ಲಿರುವುದು 'ತಿರುಗಾಡು', ತಲುಪುವುದು 'ಇತ್ತ ಬರಬೇಡ'. ಹೀಗೆ ಹೊಳೆಯುವ ಅರ್ಥವನ್ನು ಆ ಶಾಸ್ತ್ರಕಾರರು ವ್ಯಂಗ್ಯವೆಂದು ಕರೆದರು. ಇಂದು ಆ ಪದಕ್ಕೆ ಕುಹಕದ ಬಣ್ಣ ಮಾತ್ರ ಉಳಿದಿರುವುದು ನನಗೆ ಬೇಸರದ ಸಂಗತಿ. ಹೇಳದೆ ತಿಳಿಸುವ ಕಲೆಯಲ್ಲಿ ಕರುಣೆಗೂ ನಾಚಿಕೆಗೂ ಅಷ್ಟೇ ಜಾಗವಿತ್ತು.

ಹೆಜ್ಜೆ 7: ಕೇಳಿ ತಿಳಿಯಿರಿ, ಆದರೆ ಪದಗಳನ್ನು ಆರಿಸಿ

"ನೀವು ನನ್ನನ್ನು ಬೇಡ ಎಂದಿರಿ" ಎಂದು ಶುರುಮಾಡಿದರೆ ಎದುರಿನವರು "ನಾನು ಹಾಗೆ ಹೇಳಲೇ ಇಲ್ಲ" ಎನ್ನುತ್ತಾರೆ. ಅದು ನಿಜವೂ ಹೌದು. ಅಲ್ಲಿಗೆ ಮಾತುಕತೆ ಮುಗಿಯುತ್ತದೆ. ಬದಲಿಗೆ ಮೆಟ್ಟಿಲುಗಳನ್ನೇ ಮುಂದಿಡಿ: "ನಾಳೆ ಬರಲೇ ಎಂದು ಕೇಳಿದೆ. ತುಂಬ ಕೆಲಸವಿದೆ ಎಂದಿರಿ. ಬರುವುದು ಬೇಡವೇನೋ ಎಂದು ನನಗೆ ತೋರಿತು. ಸರಿಯೇ?" ಇದರಲ್ಲಿ ಅವರ ಮಾತು ಅವರದಾಗಿ, ನಿಮ್ಮ ತೀರ್ಮಾನ ನಿಮ್ಮದಾಗಿ ಉಳಿದಿದೆ. ಯಾವ ಮೆಟ್ಟಿಲು ತಪ್ಪು ಎಂದು ತೋರಿಸಲು ಅವರಿಗೂ ಜಾಗ ಸಿಗುತ್ತದೆ.

ಹಣ, ಆರೋಗ್ಯ, ಕಾನೂನಿನ ವಿಷಯದಲ್ಲಿ ಕೇಳುವುದು ಕರ್ತವ್ಯವೇ ಆಗಿಬಿಡುತ್ತದೆ. ಅಮೆರಿಕದಲ್ಲಿ ದಿವಾಳಿತನದ ವಿಚಾರಣೆಯೊಂದರಲ್ಲಿ ಚಿತ್ರ ನಿರ್ಮಾಪಕ ಸ್ಯಾಮ್ಯುಯೆಲ್ ಬ್ರಾನ್‌ಸ್ಟನ್ ಅವರಿಗೆ ಸ್ವಿಸ್ ಬ್ಯಾಂಕಿನಲ್ಲಿ ಖಾತೆ ಇದೆಯೇ ಎಂದು ಕೇಳಲಾಯಿತು. ಇಲ್ಲ ಎಂದರು. ಹಿಂದೆ ಎಂದಾದರೂ ಇತ್ತೇ? ಕಂಪನಿಗೆ ಸುಮಾರು ಆರು ತಿಂಗಳು ಜ್ಯೂರಿಕ್‌ನಲ್ಲಿ ಖಾತೆ ಇತ್ತು ಎಂದರು. ಅದು ನಿಜ. ಆದರೆ ಅವರ ಸ್ವಂತ ಖಾತೆಯೂ ಹಿಂದೆ ಇತ್ತು. ಕೇಳಿದವರಿಗೆ ತನಗಿರಲಿಲ್ಲ ಎಂಬ ಅರ್ಥ ತಲುಪಿತು. ಇದಕ್ಕಾಗಿ ಅವರಿಗಾಗಿದ್ದ ಸುಳ್ಳು ಸಾಕ್ಷ್ಯದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1973ರಲ್ಲಿ ರದ್ದುಮಾಡಿತು: ಅಕ್ಷರಶಃ ನಿಜವಾದ ಉತ್ತರ ಸುಳ್ಳು ಸಾಕ್ಷ್ಯವಾಗದು, ಪ್ರಶ್ನೆಯನ್ನು ಬಿಗಿಯಾಗಿ ಮತ್ತೆ ಕೇಳಬೇಕಾದ್ದು ವಕೀಲರ ಕೆಲಸ. ನ್ಯಾಯಾಲಯಕ್ಕೆ ಆ ನಿಯಮ ಸರಿ. ಗೆಳೆಯರ ನಡುವೆ, ಮನೆಯಲ್ಲಿ, ಇಂಥ ಉತ್ತರ ಕೊಟ್ಟವರನ್ನು ನಾನು ಸುಳ್ಳು ಹೇಳಿದವರ ಸಾಲಿನಲ್ಲೇ ನಿಲ್ಲಿಸುತ್ತೇನೆ. ಏನು ತಲುಪುತ್ತದೆ ಎಂದು ತಿಳಿದೇ ಆಡಿದ ಮಾತದು.

ಹೆಜ್ಜೆ 8: ಕಳುಹಿಸುವ ಮುನ್ನ ನಿಮ್ಮ ಮಾತನ್ನೇ ಹೀಗೆ ಓದಿ

ಇಷ್ಟು ಹೊತ್ತು ಕೇಳುಗರಾಗಿ ಮಾಡಿದ್ದನ್ನು ಈಗ ತಿರುಗಿಸಿ. ಬರೆದ ಸಂದೇಶದಲ್ಲಿ 'ಊ', 'ಏ', 'ಆದರೆ', 'ಮಾತ್ರ', 'ಈ ಸಲ' ಎಲ್ಲೆಲ್ಲಿವೆ ನೋಡಿ. ಓದುವವರಿಗೆ ಗೊತ್ತಿರದ ಯಾವ ಸಂಗತಿಯನ್ನು ನಂಬಿ ನಾನು ಬರೆದಿದ್ದೇನೆ ಎಂದು ಕೇಳಿಕೊಳ್ಳಿ. "ಪರೀಕ್ಷೆಯ ಕೆಲವು ಫಲಿತಾಂಶಗಳು ಸರಿಯಾಗಿವೆ" ಎಂಬ ಸಂದೇಶ ರೋಗಿಯ ರಾತ್ರಿಯ ನಿದ್ದೆಯನ್ನು ಕೆಡಿಸಬಲ್ಲದು. "ಬಂದಿರುವ ಮೂರೂ ಸರಿಯಾಗಿವೆ, ಇನ್ನೆರಡು ನಾಳೆ ಬರುತ್ತವೆ" ಎನ್ನಲು ಬೇಕಾಗುವುದು ಇನ್ನೊಂದೆರಡು ಪದ ಮಾತ್ರ. ಎಲ್ಲವನ್ನೂ ಬಿಡಿಸಿ ಹೇಳಬೇಕಿಲ್ಲ. ಆಪ್ತರ ನಡುವೆ ಅರ್ಧ ಮಾತೇ ಸೊಗಸು. ಇನ್ನೂ ಆಪ್ತರಾಗದವರಿಗೆ, ನಮ್ಮ ಮೆಚ್ಚುಗೆಗೆ ಕಾದಿರುವವರಿಗೆ, ಆ ಒಂದೆರಡು ಪದ ಹೆಚ್ಚು ಬರೆಯಬೇಕು.

ಹೊಸಬರ ಬರಹ ಓದಿದಾಗ ನಾನು ಈಗ ಹೀಗೆ ಬರೆಯುತ್ತೇನೆ: "ನಿಮ್ಮ ಲೇಖನ ಓದಿದೆ. ನಾನು ಓದಿದ ನಿಮ್ಮ ಮೊದಲ ಬರಹ ಇದು. ಚೆನ್ನಾಗಿದೆ."